ಮಣ್ಣಿಗೆ ಬಾರದವರ ಮಾತು

ಪ್ರಶ್ನೆ: ಅಪ್ಪು ತೀರಿಕೊಂಡು ಇಷ್ಟು ವರ್ಷವಾದರೂ ಮೊಬೈಲಿನಲ್ಲಿ ಹೆಸರು ಮುಚ್ಚಿಕೊಂಡವರು ಅವರ ಬಗ್ಗೆ, ಅವರ ಮನೆಯವರ ಬಗ್ಗೆ ಹೊಲಸಾಗಿ ಬರೆಯುತ್ತಾರೆ. ಸತ್ತವರನ್ನೂ ಬಿಡದಷ್ಟು ಸಿಟ್ಟು ಎಲ್ಲಿಂದ ಬರುತ್ತದೆ? ಇದಕ್ಕೆ ಕಾನೂನು ಇಲ್ಲವೇ?
— ಓದುಗರು, ಕಂಪ್ಲಿ

ಉತ್ತರ: ಹೋದ ವಾರ ಹೊಸಪೇಟೆಯಲ್ಲಿ ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್ ಪುತ್ಥಳಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಸಿಮೆಂಟು ಮೆತ್ತಿದ ಅಂಗಿಯ ಹುಡುಗನೊಬ್ಬ ಬಂದು, ಚಪ್ಪಲಿ ಬದಿಗೆ ಬಿಟ್ಟು, ಕೈಮುಗಿದು ಹೋದ. ಇದೇ ಊರಿನಲ್ಲಿ 2022ರ ಡಿಸೆಂಬರ್ 18ರಂದು, ‘ಕ್ರಾಂತಿ’ ಚಿತ್ರದ ಹಾಡಿನ ಬಿಡುಗಡೆಗೆ ಬಂದಿದ್ದ ನಟ ದರ್ಶನ್ ಮೇಲೆ ಚಪ್ಪಲಿ ತೂರಿಬಂದದ್ದು ನಿಮಗೂ ನೆನಪಿರುತ್ತದೆ. ಅದನ್ನು ಪುನೀತ್ ಅಣ್ಣ ಶಿವರಾಜ್‌ಕುಮಾರ್ ಅವರೇ ಖಂಡಿಸಿದರು. ಆದರೂ ಇಬ್ಬರು ನಟರ ಅಭಿಮಾನಿಗಳ ಬೈದಾಟ ನಿಲ್ಲಲಿಲ್ಲ. ಅದಕ್ಕೂ ವರ್ಷದ ಹಿಂದೆ, 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಹೋದ ಮನುಷ್ಯನನ್ನು ಅದರೊಳಗೆ ಎಳೆದು ತಂದರು.

ನನಗನ್ನಿಸುವುದು, ಬರೆಯುವವನಿಗೆ ಸತ್ತವರ ಮೇಲೆ ಸಿಟ್ಟೇ ಇರುವುದಿಲ್ಲ. ಅವನ ಜಗಳ ಬದುಕಿರುವ ಇನ್ನೊಂದು ಗುಂಪಿನ ಜೊತೆ. ಆ ಗುಂಪಿಗೆ ಎಲ್ಲಿ ಮುಟ್ಟಿದರೆ ಉರಿಯುತ್ತದೆ ಎಂದು ಹುಡುಕುತ್ತಾನೆ, ಆ ಸಾವು ಕೈಗೆ ಸಿಗುತ್ತದೆ. 2024ರ ಐಪಿಎಲ್ ಹೊತ್ತಿನಲ್ಲಿ ಆರ್‌ಸಿಬಿ ಸೋತದ್ದಕ್ಕೆ, ತಂಡದ ಕಾರ್ಯಕ್ರಮಕ್ಕೆ ಗಂಡ ಸತ್ತ ಹೆಂಗಸನ್ನು ಕರೆದದ್ದೇ ಕಾರಣ ಎಂಬರ್ಥದಲ್ಲಿ ಪುನೀತ್ ಪತ್ನಿ ಅಶ್ವಿನಿ ಅವರ ಬಗ್ಗೆ ಬರೆದರಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇನ್ನೊಂದನ್ನೂ ಹೇಳಬೇಕು. ಪುನೀತ್ ಹೋದ ದಿನಗಳಲ್ಲಿ ಅವರ ಕುಟುಂಬ ವೈದ್ಯರ ಮೇಲೂ ಜನ ಮುಗಿಬಿದ್ದರು, ಪೊಲೀಸ್ ಕಾವಲು ಹಾಕಬೇಕಾಯಿತು. ಅದು ಪ್ರೀತಿಯ ಹೆಸರಿನಲ್ಲಿ ಆದದ್ದು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬಂದೆ’ ಅನ್ನುತ್ತೇವೆ. ಬದುವಿನ ಜಗಳಕ್ಕೆ ಮಾತು ಬಿಟ್ಟ ದಾಯಾದಿಯೂ ಆ ದಿನ ಬರುತ್ತಾನೆ. ಸಂಡೂರು ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ಬಂದ ಹಿರಿಯರೊಬ್ಬರನ್ನು ಕಂಡಿದ್ದೇನೆ. ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ಕಟ್ಟೆಯ ತುದಿಗೆ ಕೂತಿದ್ದರು. ಯಾರೂ ಮಾತಾಡಿಸಲಿಲ್ಲ, ಅವರೂ ಎದ್ದು ಹೋಗಲಿಲ್ಲ. ಕುಣಿಗೆ ಹಿಡಿ ಮಣ್ಣು ಹಾಕುವಾಗ ಅವರ ಕೈ ನಡುಗಿತು. ಜಗಳ ಮರೆತಿದ್ದರು ಅಂತಲ್ಲ. ಹೆಣದ ಮುಂದೆ, ಅಳುವ ಮಕ್ಕಳ ಮುಂದೆ ನಾಲಿಗೆ ಏಳುವುದಿಲ್ಲ. ಮೊಬೈಲಿನವನಿಗೆ ಆ ಕಟ್ಟೆ ಇಲ್ಲ, ಆ ಅಳು ಕೇಳಿಸುವುದಿಲ್ಲ.

ಹಂಪಿ ಪಕ್ಕದ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬವಿದೆ, ವಾಲಿಯನ್ನು ಸುಟ್ಟ ಜಾಗವೆಂದು ಜನರ ನಂಬಿಕೆ. ಎದುರಿಗೆ ಬಾರದೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ರಾಮನಿಗೆ ಕೇಳಿದ ಪ್ರಶ್ನೆ ನಮಗೆಲ್ಲ ಗೊತ್ತು. ನನಗೆ ಅಲ್ಲಿ ಹೆಚ್ಚು ನೆನಪಾಗುವುದು ಸುಗ್ರೀವ. ಅಣ್ಣನ ಸಾವನ್ನು ಬೇಡಿಕೊಂಡವನೇ ಅವನು. ಆದರೆ ಅಣ್ಣ ಬಿದ್ದ ಮೇಲೆ ಕುಸಿದು ಅಳುತ್ತಾನೆ, ಅಂಗದನ ಜೊತೆ ನಿಂತು ಸಂಸ್ಕಾರ ಮಾಡಿಸುತ್ತಾನೆ.

ಇನ್ನು ಕಾನೂನು. ಸತ್ತವರ ಮಾನಕ್ಕೂ ನಮ್ಮ ಕಾನೂನಿನಲ್ಲಿ ಜಾಗವಿದೆ. ಬದುಕಿದ್ದರೆ ಮಾನಹಾನಿ ಆಗುತ್ತಿದ್ದಂಥ ಆರೋಪವನ್ನು, ಮನೆಯವರ ಮನಸ್ಸು ನೋಯಿಸಲೆಂದೇ ಹೊರಿಸಿದರೆ ಅದು ಅಪರಾಧ. ಹಿಂದೆ ಐಪಿಸಿ 499ರಲ್ಲಿ ಇದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲೂ ಇದೆ. ಆದರೆ ಬರೀ ಮನಸ್ಸಿಗೆ ಹಿಡಿಸದ ಪೋಸ್ಟಿಗೆಲ್ಲ ಕೇಸು ಹಾಕಲಾಗದು. ಅಂಥದ್ದಕ್ಕೆ ದಾರಿ ಮಾಡಿದ್ದ ಐಟಿ ಕಾಯ್ದೆಯ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಮಾಡಿದ್ದೇ ಸರಿ ಅನ್ನುತ್ತೇನೆ. ಹೆಸರು ಮುಚ್ಚಿಟ್ಟು ಬರೆಯುವ ಅವಕಾಶವೂ ಉಳಿಯಬೇಕು. ಗಣಿಯ ಧೂಳು ತಿಂದ ನಮ್ಮ ಊರುಗಳಲ್ಲಿ ಹೆಸರು ಹೇಳಿ ದೂರು ಕೊಡುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು. ನಟನ ಸಿನಿಮಾ ಚೆನ್ನಾಗಿರಲಿಲ್ಲ ಎಂದು ಅವನು ಸತ್ತ ಮೇಲೂ ಬರೆಯಬಹುದು.

ಹೊಲಸು ಪೋಸ್ಟ್ ಕಂಡರೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ, ರಿಪೋರ್ಟ್ ಮಾಡಿ, ಬೆದರಿಕೆ ಅಥವಾ ಅಶ್ಲೀಲ ಇದ್ದರೆ ಸೈಬರ್ ಠಾಣೆಗೆ ಕೊಡಿ. ಹೆಸರಿಲ್ಲದ ಖಾತೆಯ ಹಿಂದೆಯೂ ಬಹಳ ಸಲ ಒಂದು ಫೋನ್ ನಂಬರ್ ಇರುತ್ತದೆ, ಪೊಲೀಸರು ಕೇಳಿದರೆ ಕಂಪನಿಯಿಂದ ಅದನ್ನು ಪಡೆಯಬಹುದು. ಆ ಸ್ಕ್ರೀನ್‌ಶಾಟನ್ನು ಮಾತ್ರ, ‘ನೋಡಿ ಎಂಥಾ ನೀಚ’ ಎಂದು ಸ್ಟೇಟಸ್‌ಗೆ ಹಾಕಬೇಡಿ. ನಾನೂ ಒಮ್ಮೆ ಹಾಕಿದ್ದೆ, ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಅದನ್ನು ಮುಂದಕ್ಕೆ ಕಳಿಸಿದ್ದರು.