ಕೆನೆ ಬಣ್ಣವೋ? ಬೂದು ಬಣ್ಣವೋ?

ನಮ್ಮದು ಎರಡು ಕೋಣೆಯ ಮನೆ. ಒಳಕೋಣೆಗೆ ಒಂದೇ ಕಿಟಕಿ. ಅದು ಉತ್ತರಕ್ಕಿದೆ. ಅಲ್ಲಿ ಬಿಸಿಲು ಬರುವುದೇ ಕಡಿಮೆ. ಮಗಳು ಓದುವುದು ಅಲ್ಲಿಯೇ. ಅವಳು ಈಗ ಹತ್ತನೇ ತರಗತಿ.

ಆ ಕೋಣೆಗೆ ಬಣ್ಣ ಹೊಡೆಸಬೇಕಿತ್ತು. ಕೂಡಿಟ್ಟ ಹಣ ಒಂದು ಸಲಕ್ಕೆ ಮಾತ್ರ ಸಾಕು. ತಪ್ಪಿದರೆ ನಾಲ್ಕು ವರ್ಷ ಅದೇ ಗೋಡೆ ನೋಡಬೇಕು.

"ಬೂದು ಬಣ್ಣ ಇರಲಿ. ಕೊಳೆ ಕಾಣಲ್ಲ" ಅಂದರು ಯಜಮಾನರು.

"ಹೌದಮ್ಮ, ಕೆನೆ ಬಣ್ಣ ಹಳೇ ಕಾಲದ್ದು" ಅಂದಳು ಮಗಳು.

ನನ್ನನ್ನು ಯಾರೂ ಕೇಳಲಿಲ್ಲ. ಆದರೆ ದಿನಾ ಆ ಕೋಣೆಯಲ್ಲಿ ಅಕ್ಕಿ ಆರಿಸುವವಳು ನಾನು. ಅಲ್ಲಿನ ಬೆಳಕು ನನಗೆ ಗೊತ್ತು.

"ಸೀರೆ ತಗೊಳ್ಳುವಾಗ ಬಿಸಿಲಿಗೆ ಹಿಡಿದು ನೋಡಲ್ವಾ? ಗೋಡೆಗೂ ಹಾಗೇ ನೋಡೋಣ" ಅಂದೆ.

ಎರಡೂ ಬಣ್ಣದ ಸಣ್ಣ ಡಬ್ಬಿ ತಂದೆವು. ಗೋಡೆಗೆ ಒಂದೊಂದು ಮೊಳ ಅಗಲ ಹಚ್ಚಿದೆವು. ಒದ್ದೆ ಬಣ್ಣವೇ ಬೇರೆ, ಒಣಗಿದ ಬಣ್ಣವೇ ಬೇರೆ. ಅದಕ್ಕೆ ಒಂದು ದಿನ ಬಿಟ್ಟೆವು.

ಬೆಳಿಗ್ಗೆ ನೋಡಿದೆವು. ಎರಡೂ ಚೆನ್ನಾಗಿದ್ದವು. ಸಂಜೆ ನೋಡಿದೆವು. ಬೂದು ಬಣ್ಣ ಮಳೆ ಮೋಡದ ಹಾಗೆ ನೀಲಿಯಾಗಿತ್ತು. ಕೆನೆ ಬಣ್ಣ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ದೀಪ ಹಾಕಿದೆವು. ಕೆನೆ ಸ್ವಲ್ಪ ಹಳದಿಯಾಯಿತು. ಆದರೂ ಮಂಕಾಗಲಿಲ್ಲ.

"ಅಮ್ಮ, ಬೂದು ಬಣ್ಣ ಬೆಳಕನ್ನು ನುಂಗ್ತದೆ" ಅಂದಳು ಮಗಳು.

ಕೊನೆಗೆ ಗೋಡೆಗೆ ಕೆನೆ ಬಣ್ಣವನ್ನೇ ಹೊಡೆಸಿದೆವು. ಕೈ, ಬೆನ್ನು ತಾಗುವ ಕೆಳಗಿನ 3 ಅಡಿಗೆ ಬೂದು ಬಣ್ಣ. ಯಜಮಾನರ ಮಾತೂ ಉಳಿಯಿತು.

ಈಗ ಮಗಳು ಕಿಟಕಿಯ ಪಕ್ಕ ಕೂತು ಓದುತ್ತಾಳೆ. ಸಂಜೆ ದೀಪ ಹಾಕುವುದು ಮೊದಲಿಗಿಂತ ತಡ.

ನೆನಪಿಡಿ

1. ತಿಳಿ ಬಣ್ಣ ಹೆಚ್ಚು ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಗಾಢ ಬಣ್ಣ ಹೆಚ್ಚು ಬೆಳಕನ್ನು ಹೀರುತ್ತದೆ.

2. ಕೆನೆ ಬಣ್ಣದೊಳಗೆ ಹಳದಿ ಇರುತ್ತದೆ. ಬೂದು ಬಣ್ಣದೊಳಗೆ ಹಲವು ಸಲ ನೀಲಿ ಇರುತ್ತದೆ. ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ. ನಿಮ್ಮ ಮನೆಯ ಬೆಳಕಿನಲ್ಲಿ ಗೊತ್ತಾಗುತ್ತದೆ.

3. ಡಬ್ಬಿಯ ಮೇಲಿನ ಬರಹ ಓದಿ. ಸೀಸ ಮಕ್ಕಳ ಮಿದುಳಿಗೆ ಕೆಡುಕು. ಮನೆ ಬಣ್ಣದ 10 ಲಕ್ಷ ಪಾಲಿನಲ್ಲಿ ಸೀಸ 90 ಪಾಲು ಮೀರಬಾರದು. ಈ ನಿಯಮ 2017ರಿಂದ ಜಾರಿಯಲ್ಲಿದೆ.

ಓದಿ, ಉತ್ತರ ಹೇಳಿ

1. ತಾಯಿಗೆ ಕೋಣೆಯ ಬೆಳಕು ಹೇಗೆ ಗೊತ್ತಿತ್ತು?

2. ಬಣ್ಣ ಹಚ್ಚಿ ಒಂದು ದಿನ ಏಕೆ ಬಿಟ್ಟರು?

3. ನಿಮ್ಮ ಮನೆಯ ಕಿಟಕಿ ಯಾವ ದಿಕ್ಕಿಗಿದೆ? ಅಲ್ಲಿಗೆ ಯಾವ ಬಣ್ಣ ಹೊಂದುತ್ತದೆ? ಎರಡು ಸಾಲು ಬರೆಯಿರಿ.