ಇಂಗ್ಲಿಷಿನ ‘ರೀಡೂ’ ಮತ್ತು ಕನ್ನಡದ ‘ಮರು’: ಒಂದು ಅರ್ಥವಿಚಾರ

ಇಂಗ್ಲಿಷಿನ ‘ರೀಡೂ’ ಕ್ರಿಯಾಪದಕ್ಕೆ ‘ಮತ್ತೆ ಮಾಡು’, ‘ಪುನಃ ಮಾಡು’ ಎಂಬ ಸಮಾನಪದಗಳನ್ನು ಕೊಡುವುದು ವಾಡಿಕೆ. ರಚನೆಯ ದೃಷ್ಟಿಯಿಂದ ಇದು ತಪ್ಪಲ್ಲ. ಲ್ಯಾಟಿನ್ ಮೂಲದ ‘ರಿ’ ಪೂರ್ವಪ್ರತ್ಯಯವೂ ಜರ್ಮಾನಿಕ್ ಮೂಲದ ‘ಡೂ’ ಧಾತುವೂ ಕೂಡಿ ಆದ ಮಿಶ್ರಪದವದು. ಭೂತಕಾಲದಲ್ಲಿ ‘ರೀಡಿಡ್’, ಭೂತಕೃದಂತದಲ್ಲಿ ‘ರೀಡನ್’ ಎಂದಾಗುತ್ತದೆ. ಆದರೆ ಪ್ರಯೋಗಗಳನ್ನು ಗಮನಿಸಿದರೆ ಈ ಸಮಾನಪದಗಳು ಸಾಲವು.

ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗವನ್ನು ‘ರಿಪೀಟ್’ ಮಾಡಿದರೆಂದರೆ ಮೊದಲ ಫಲಿತಾಂಶ ಉಳಿದಿರುತ್ತದೆ. ಎರಡನೆಯದು ಅದನ್ನು ಒರೆಗೆ ಹಚ್ಚುತ್ತದೆ. ‘ರೀಡೂ’ ಮಾಡಿದರೆಂದರೆ ಮೊದಲಿನದು ಸಾಲದೆಂದು ಬದಿಗೆ ಸರಿಯಿತೆಂಬ ಧ್ವನಿಯಿದೆ. ಕನ್ನಡದ ‘ಮತ್ತೆ’ ಈ ಅಂತರವನ್ನು ಕಾಣಿಸುವುದಿಲ್ಲ. ಪ್ರಬಂಧದ ಮೇಲೆ ಅಧ್ಯಾಪಕರು ‘ಮತ್ತೆ ಬರೆ’ ಎಂದು ಗುರುತು ಹಾಕಿದಾಗ ವಿದ್ಯಾರ್ಥಿ ಅದನ್ನೇ ದುಂಡಗೆ ನಕಲು ಮಾಡಿ ತಂದರೆ ಆತನನ್ನು ದೂರುವಂತಿಲ್ಲ. ಅಲ್ಲಿ ಬೇಕಾಗಿದ್ದುದು ‘ತಿದ್ದಿ ಬರೆ’.

‘ಮರು’ ಪೂರ್ವಪದ ಈ ಕೊರತೆಯನ್ನು ತುಂಬುವುದೇ? ‘ಮರುಮತದಾನ’ದಲ್ಲಿ ತುಂಬುತ್ತದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 58ನೆಯ ಕಲಮಿನಂತೆ ಮೊದಲ ಮತದಾನವನ್ನು ಅಸಿಂಧುವೆಂದು ಘೋಷಿಸಿದ ಮೇಲೆಯೇ ಹೊಸ ಮತದಾನ ನಡೆಯುತ್ತದೆ. ಆದರೆ ‘ಮರುಮುದ್ರಣ’ದಲ್ಲಿ ಹಳೆಯ ಪಠ್ಯವೇ ಇನ್ನೊಮ್ಮೆ ಅಚ್ಚಾಗುತ್ತದೆ, ಯಾವುದೂ ರದ್ದಾಗುವುದಿಲ್ಲ. ‘ಮರುದಿನ’ವೆಂದರೆ ಮುಂದಿನ ದಿನ, ‘ಮರುಮಾತು’ ಎಂದರೆ ಎದುರುತ್ತರ. ಹಳಗನ್ನಡದ ‘ಮಱು’ವಿನಿಂದ ಬಂದ ಈ ಪದದಲ್ಲಿ ‘ಇನ್ನೊಂದು’, ‘ಎದುರಿನದು’ ಎಂಬ ಛಾಯೆಗಳೂ ಉಳಿದಿವೆ. ಆದ್ದರಿಂದ ‘ರಿ’ ಇದ್ದಲ್ಲೆಲ್ಲ ‘ಮರು’ವನ್ನು ಅಂಟಿಸುವ ಇತ್ತೀಚಿನ ಅನುವಾದರೂಢಿ ಅನುಕೂಲಕರವೇ ಹೊರತು ನಿಖರವಲ್ಲ.

ವಸ್ತುವನ್ನು ನವೀಕರಿಸುವ ಅರ್ಥದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಅಡುಗೆಮನೆಯನ್ನೂ ಕೂದಲಿನ ಸಿಂಗಾರವನ್ನೂ ಇಂಗ್ಲಿಷು ‘ರೀಡೂ’ ಎಂಬ ಒಂದೇ ಮಾತಿನಲ್ಲಿ ಹೇಳಬಲ್ಲದು. ಕನ್ನಡ ಹಾಗೆ ಹೇಳುವುದಿಲ್ಲ. ವಸ್ತುವಿಗೆ ತಕ್ಕ ಕ್ರಿಯೆಯನ್ನು ಆಯುತ್ತದೆ. ಗೋಡೆಗೆ ಸುಣ್ಣ ಬಳಿಸುತ್ತಾರೆ, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುತ್ತಾರೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಾರೆ. ಇಲ್ಲೆಲ್ಲ ‘ಮತ್ತೆ’ ಎಂಬ ಮಾತೇ ಬೇಕಿಲ್ಲ. ಹಳತಾಗುವುದೂ ಹೊಸತಾಗುವುದೂ ಆ ಕೆಲಸದಲ್ಲೇ ಅಡಕವಾಗಿವೆ. ‘ಹಾಕಿಸು’, ‘ಬಳಿಸು’ ಎಂಬ ಪ್ರೇರಣಾರ್ಥಕ ರೂಪಗಳು ಕೆಲಸಗಾರನ ಇರವನ್ನೂ ಸೂಚಿಸುತ್ತವೆ. ಇದೇ ಕಾರ್ಯವನ್ನು ಇಂಗ್ಲಿಷು ‘ಹ್ಯಾವ್’ ಸಹಾಯದಿಂದ ಸಾಧಿಸುತ್ತದೆ.

ಶಾಸನಗಳ ಭಾಷೆಯನ್ನೂ ಇಲ್ಲಿ ನೆನೆಯಬೇಕು. ದೇವಾಲಯಗಳಿಗೆ ಭೂಮಿ ಬಿಟ್ಟ ದಾನಶಾಸನಗಳಲ್ಲಿ ಬರುವ ‘ಖಂಡಸ್ಫುಟಿತಜೀರ್ಣೋದ್ಧಾರ’ ಎಂಬ ರೂಢಪ್ರಯೋಗ ಒಡೆದುದು, ಬಿರಿದುದು, ಸವೆದುದು ಎಂದು ಹಾನಿಯ ಬಗೆಗಳನ್ನೇ ಹೆಸರಿಸುತ್ತದೆ. ಪುನರಾವೃತ್ತಿಯನ್ನು ಸೂಚಿಸುವ ಪದ ಅದರಲ್ಲಿಲ್ಲ, ‘ಉದ್ಧಾರ’ವೆಂದರೆ ಮೇಲೆತ್ತುವುದು. ಇಂದಿನ ‘ಪುನರ್ನಿರ್ಮಾಣ’ಕ್ಕಿಂತ ಇದು ಹೆಚ್ಚು ಖಚಿತವಾದ ಪರಿಭಾಷೆ.

ಗಣಕಯಂತ್ರದ ‘ರೀಡೂ’ ಇವೆರಡಕ್ಕೂ ಸೇರದು. ‘ಅನ್‌ಡೂ’ ಆಜ್ಞೆಯಿಂದ ಹಿಂತೆಗೆದ ಕ್ರಿಯೆಯನ್ನು ಅದು ಮತ್ತೆ ಊರ್ಜಿತಗೊಳಿಸುತ್ತದೆ. ಕೆಲಸವನ್ನು ಹೊಸದಾಗಿ ಮಾಡುವುದಿಲ್ಲ. ‘ಮತ್ತೆ ಮಾಡು’ ಎಂದರೆ ‘ರಿಪೀಟ್’ ಆಜ್ಞೆಯೊಡನೆ ಗೊಂದಲವಾಗುತ್ತದೆ. ‘ಮರಳಿ ಸೇರಿಸು’ ಎನ್ನೋಣವೆಂದರೆ, ಹಿಂತೆಗೆದ ಕ್ರಿಯೆ ಅಳಿಸುವಿಕೆಯೇ ಆಗಿದ್ದಾಗ ಅದು ಅಪಾರ್ಥ. ‘ಹಿಂತೆಗೆ’ ಎಂಬುದಕ್ಕೆ ಜೋಡಿಯಾಗಿ ‘ಮರುಜಾರಿ’ ಎಂಬ ರೂಪವನ್ನು ಪರಿಶೀಲಿಸಬಹುದು. ಆಡಳಿತ ಕನ್ನಡದಲ್ಲಿ ‘ಜಾರಿ’ ಬಳಕೆಯಲ್ಲಿರುವ ಪದವೇ ಆಗಿದೆ. ಇಲ್ಲಿ ‘ಮರು’ವೂ ತನ್ನ ಅರ್ಥಕ್ಕೆ ಒಗ್ಗಿ ನಿಲ್ಲುತ್ತದೆ.