ರೂಪವೊಂದು, ಮೂಲವೆರಡು

‘ಅರಿ’ ಎಂದರೆ ತಿಳಿ. ‘ಅರಿ’ ಎಂದರೆ ಶತ್ರು. ಬರಹದಲ್ಲಿ ಭೇದವಿಲ್ಲ. ಮೊದಲನೆಯದು ಕನ್ನಡದ ಧಾತು, ಎರಡನೆಯದು ಸಂಸ್ಕೃತ ಶಬ್ದ. ಮೂಲವನ್ನು ಶೋಧಿಸಿದವನಿಗೇ ಇವು ಎರಡೆಂದು ತಿಳಿಯುವುದು. ಜೀವಲೋಕದಲ್ಲಿಯೂ ಇಂತಹ ಸಮರೂಪಗಳುಂಟು.

ಒದ್ದೆ ಬಂಡೆಗೆ ಹಸಿರು ನಾಲಗೆಯಂತೆ ಅಂಟಿ ಬೆಳೆಯುವ ಲಿವರ್‌ವರ್ಟ್ ಸಸ್ಯಗಳಲ್ಲಿ ಕೊನೊಸೆಫಾಲಮ್ ಕೋನಿಕಮ್ ಒಂದು. ಬಹುಕಾಲ ಒಂದೇ ಎಂದು ಭಾವಿಸಲಾಗಿದ್ದ ಅದರಲ್ಲಿ ಭಿನ್ನ ಪ್ರಭೇದಗಳು ಅಡಗಿವೆಯೆಂಬುದು ಕಿಣ್ವಗಳ ಪರೀಕ್ಷೆಯಿಂದ ಹೊರಬಿತ್ತು. 2005ರಲ್ಲಿ ಒಂದಕ್ಕೆ ಸಾಲೆಬ್ರೋಸಮ್ ಎಂಬ ಬೇರೆ ಹೆಸರಾಯಿತು.

ಇಂದು ಈ ವಿವೇಚನೆಗೆ ಮುಖ್ಯ ಸಾಧನ ಡಿ.ಎನ್.ಎ. ಅದು ನಾಲ್ಕೇ ಅಕ್ಷರಗಳ ಗ್ರಂಥ. ಪೀಳಿಗೆಯಿಂದ ಪೀಳಿಗೆಗೆ ಪ್ರತಿಯಾಗುವಾಗ, ತಾಳೆಗರಿಯ ಲಿಪಿಕಾರನ ಕೈಯಲ್ಲಿ ಆಗುವಂತೆ, ಅಲ್ಲಲ್ಲಿ ಒಂದು ಅಕ್ಷರ ಪಲ್ಲಟವಾಗುತ್ತದೆ. ಎರಡು ವಂಶಗಳು ಅಗಲಿ ಕಾಲ ಕಳೆದಷ್ಟೂ ಪಾಠಾಂತರಗಳು ಹೆಚ್ಚು. ಪ್ರತಿಗಳನ್ನು ಎದುರೆದುರು ಇಟ್ಟು ಓದುವ ನಮ್ಮ ಗ್ರಂಥಸಂಪಾದನೆಯ ಕೆಲಸವೇ ಇದು. ಪರಿಕರ ಮಾತ್ರ ಬೇರೆ.

ವಾಮದಪದವಿನ ಹೆಸರಿನಲ್ಲಿರುವ ‘ಪದವು’ ಎತ್ತರದ ಬಯಲು ನೆಲವನ್ನು ಹೇಳುವ ಶಬ್ದ. ಕರಾವಳಿಯಲ್ಲಿ ಇಂತಹ ಮುರಕಲ್ಲಿನ ನೆಲವನ್ನು ಪಾಳೆಂದೇ ಎಣಿಸಿ ಕಲ್ಲು ಕಡಿಯುತ್ತಾರೆ, ಕಸ ಸುರಿಯುತ್ತಾರೆ. ಉಡುಪಿ ಜಿಲ್ಲೆಯ ಮಣಿಪಾಲದ ಮುರಕಲ್ಲಿನ ನೆಲದಲ್ಲಿ ಸಿಕ್ಕಿದ, ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆಯೊಂದಕ್ಕೆ 2016ರಲ್ಲಿ ಆ ಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೋಹೈಲ ಲ್ಯಾಟರೈಟ್. ಅದರ ಕೂಗು ಕೀಟದ ಕೂಗನ್ನು ಹೋಲುತ್ತದೆ. ಕೇಳಿದವರು ಹುಳವೆಂದು ತಿಳಿದು ನಡೆದುಹೋಗುವುದೇ ಸಹಜ. ಮೈಯ ಲಕ್ಷಣ, ಕೂಗು, ಡಿ.ಎನ್.ಎ. ಮೂರನ್ನೂ ಹೋಲಿಸಿದ ಮೇಲೆಯೇ ಅದು ಪ್ರತ್ಯೇಕವೆಂದು ನಿರ್ಣಯವಾಯಿತು. ಅಷ್ಟರೊಳಗೆ ಆ ಬಂಡೆಗಳನ್ನು ಕಡಿದಿದ್ದರೆ, ಹೆಸರೇ ಇಲ್ಲದ ಆ ಜೀವಿ ಅಳಿದುದೂ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.